ಅಮ್ಮ ಕೇಳಿದ್ದು ಬಿಣಗಾದ ಪಾದರಸದ ಬಗ್ಗೆ

ಕಳೆದ ಸಲ ಅಂಕೋಲೆಗೆ ಹೋದಾಗ ನನ್ನ ಕೆಲಸ ಏನು ಅಂತ ಅಮ್ಮನಿಗೆ ಮೊದಲ ಬಾರಿ ಸರಿಯಾಗಿ ವಿವರಿಸಿದೆ. ಬೆಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೊಳಕು ನೀರನ್ನು ಶುದ್ಧ ಮಾಡುವ ಘಟಕ ನೋಡಿಕೊಳ್ಳುತ್ತೇನೆ. ಇಟಿಪಿ ಅಂತೀವಿ. ನಿಜವಾದ ಕೆಲಸ ಮಾಡುವವರು ಬ್ಯಾಕ್ಟೀರಿಯಾಗಳು, ನಾನು ಅವರ ಮೇಸ್ತ್ರಿ ಅಷ್ಟೆ ಅಂದೆ. ಹೊಸ ಟ್ಯಾಂಕ್ ಶುರು ಮಾಡುವಾಗ ಸಗಣಿ ನೀರು ಹಾಕ್ತೀವಿ, ಹಸಿವಾದರೆ ಬೆಲ್ಲ, ಯೂರಿಯಾ ಕೊಡ್ತೀವಿ ಅಂದಾಗ ಅಮ್ಮನಿಗೆ ನಗು.

"ಇಂಜಿನಿಯರಿಂಗ್ ಓದ್ಸಿದ್ದು ಸಗಣಿ ಕಲಸೂಕಾ?"

ಬ್ಯಾಕ್ಟೀರಿಯಾಗಳು ಮಾಡೋದು ಸಣ್ಣ ಕೆಲಸ ಅಲ್ಲ. ಬಣ್ಣದ ಅಣುವಿನ ನಡುವೆ ಎರಡು ನೈಟ್ರೋಜನ್‌ಗಳು ಕೈ ಹಿಡಿದುಕೊಂಡಿರುತ್ತವೆ. ಗಾಳಿ ಇಲ್ಲದ ಟ್ಯಾಂಕಿನಲ್ಲಿ ಕೆಲವು ಜಾತಿಯವು ಆ ಕೈ ಬಿಡಿಸುತ್ತವೆ, ಬಣ್ಣ ಹೋಗುತ್ತದೆ. ಆದರೆ ಉಳಿದ ತುಂಡುಗಳಲ್ಲಿ ಕೆಲವು ಬಣ್ಣಕ್ಕಿಂತ ಹೆಚ್ಚು ವಿಷ. ನೀರು ತಿಳಿಯಾಯಿತು ಅಂತ ಅಲ್ಲೇ ನಿಲ್ಲಿಸಿದರೆ ಮೋಸ. ಮುಂದಿನ ಟ್ಯಾಂಕಿನಲ್ಲಿ ಗಾಳಿ ಊದಬೇಕು. ಅಲ್ಲಿ ಬೇರೆ ಜಾತಿಯವು ಆ ತುಂಡುಗಳನ್ನು ಒಡೆದು ತಿನ್ನುತ್ತವೆ. ಎಲ್ಲ ಸರಿಹೋದರೆ ಕೊನೆಗೆ ಉಳಿಯುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ನೀರು, ಮತ್ತೆ ಒಂದಿಷ್ಟು ಕೆಸರು.

ಅಮ್ಮ ಎಲ್ಲ ಕೇಳಿಸಿಕೊಂಡು, ಮೀನು ಹೆಚ್ಚುವುದನ್ನು ನಿಲ್ಲಿಸದೇ ಕೇಳಿದಳು: "ಹಾಗಾರೆ ನಿಮ್ಮ ಬ್ಯಾಕ್ಟೀರಿಯಾ ಹಾಕಿದ್ರೆ ಬಿಣಗಾದ ಪಾದರಸ ಹೋಗ್ತದ್ಯೇನೋ?"

ನನಗೆ ಉತ್ತರ ಗೊತ್ತಿತ್ತು, ಆದರೆ ಹೇಳಲು ಬಾಯಿ ಬರಲಿಲ್ಲ.

ಬಿಣಗಾ ಅಂದರೆ ಅಂಕೋಲೆಯಿಂದ ಕಾರವಾರಕ್ಕೆ ಹೋಗುವಾಗ ಅರ್ಗಾ ದಾಟಿದ ಮೇಲೆ ಸಿಗುವ ಊರು. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆ 1970ರ ದಶಕದ್ದು. ಆಗಿನ ವಿಧಾನವೇ ಹಾಗಿತ್ತು. ಉಪ್ಪುನೀರಿಗೆ ಕರೆಂಟ್ ಹರಿಸಿ, ಬೇರೆಯಾದ ಸೋಡಿಯಮ್ಮನ್ನು ಹಿಡಿಯಲು ಪಾದರಸವನ್ನು ಬಳಸುತ್ತಿದ್ದರು. ಪಾದರಸ ಮತ್ತೆ ಮತ್ತೆ ಸುತ್ತು ಹೊಡೆಯಬೇಕು, ಆದರೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ. 1990ರಲ್ಲಿ ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು ಕಾರವಾರದ ಈ ಕಾರ್ಖಾನೆ ಬಳಿಯ ಪಾದರಸದ ಬಗ್ಗೆ 'ಮರೈನ್ ಪಲ್ಯೂಷನ್ ಬುಲೆಟಿನ್'ನಲ್ಲಿ ಬರೆದರು. ನಮ್ಮ ಮನೆಯಲ್ಲಿ ಆ ಪತ್ರಿಕೆ ಯಾರೂ ಓದಿರಲಿಲ್ಲ. ಆದರೂ ನೀಲಿಕಲ್ಲು ಕೊಳ್ಳುವಾಗ "ಎಲ್ಲೀದು?" ಅಂತ ಅಮ್ಮ ಕೇಳದೇ ಬಿಟ್ಟದ್ದು ನನಗೆ ನೆನಪಿಲ್ಲ. ನೀಲಿಕಲ್ಲು ಬಂಡೆಗೆ ಅಂಟಿಕೊಂಡು ಇಡೀ ದಿನ ನೀರು ಸೋಸಿಕೊಂಡು ಬದುಕುವ ಪ್ರಾಣಿ. ನೀರಿನಲ್ಲಿ ಇದ್ದದ್ದೆಲ್ಲ ಅದರ ಮೈ ಸೇರುತ್ತದೆ.

ಪಾದರಸ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ. ಗೋವಾದ ದೋನಾಪಾವ್ಲದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನಮ್ಮ ದೇಶದ ಕರಾವಳಿಯ ನೀರಿನಲ್ಲಿ ಅಂಥವು ಹೆಚ್ಚುತ್ತಿರುವುದನ್ನು 2003ರಲ್ಲೇ ವರದಿ ಮಾಡಿದ್ದಾರೆ. ಇದನ್ನು ಸಂತೋಷದ ಸುದ್ದಿ ಅಂತ ಹಂಚುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೈಗೆ ವಿಷ ತಾಗುವ ಕಡೆಯಲ್ಲೇ ತಾನೆ ಅದನ್ನು ತಡೆದುಕೊಳ್ಳುವವು ಹೆಚ್ಚುವುದು?

ಇವುಗಳಲ್ಲಿ ಹಲವಕ್ಕೆ 'ಮರ್' ಎಂಬ ಜೀನ್‌ಗಳ ಗುಂಪು ಇರುತ್ತದೆ. ನೀರಿನಲ್ಲಿ ಕರಗಿದ ಪಾದರಸವನ್ನು ಅವು ಒಳಗೆಳೆದುಕೊಂಡು, ಒಂದು ಕಿಣ್ವದಿಂದ ಶುದ್ಧ ಲೋಹವಾಗಿ ಬದಲಿಸಿ, ಆವಿಯಾಗಿ ಹೊರಗೆ ಬಿಡುತ್ತವೆ. ಬಣ್ಣದ ಅಣುವನ್ನು ಒಡೆಯಬಹುದು, ಪಾದರಸ ಮೂಲವಸ್ತು, ಅದನ್ನು ಒಡೆಯಲು ಏನಿದೆ? ತಮ್ಮ ಮನೆಯಿಂದ ಆಚೆ ಹಾಕುತ್ತವೆ, ಅಷ್ಟೆ. ಆವಿ ಗಾಳಿಯಲ್ಲಿ ತಿಂಗಳುಗಟ್ಟಲೆ ಅಲೆದು ಮಳೆ ಜೊತೆ ಇನ್ನೆಲ್ಲೋ ಇಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಳದ ಕಪ್ಪು ಕೆಸರಿನಲ್ಲಿ ಉಸಿರುಗಾಳಿಯಿಲ್ಲದೆ ಬದುಕುವ ಬೇರೆ ಜಾತಿಯವು ಅದೇ ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಜಪಾನಿನ ಮಿನಮಾತಾದಲ್ಲಿ ಮೀನು ತಿಂದವರ ನರಗಳನ್ನು ಹಾಳುಮಾಡಿದ ವಿಷ ಅದೇ. ಅಲ್ಲಿ ಅದು ಕಾರ್ಖಾನೆಯೊಳಗೇ ತಯಾರಾಗಿ ಸಮುದ್ರಕ್ಕೆ ಬಂದಿತ್ತು ಅನ್ನುವುದು ಬೇರೆ ಮಾತು.

ಕಾರ್ಖಾನೆಯೊಳಗೆ ಮಾತ್ರ ಇದೇ ಬ್ಯಾಕ್ಟೀರಿಯಾ ಚಿನ್ನ. ಜರ್ಮನಿಯ ಬ್ರೌನ್‌ಶ್ವೈಗ್‌ನ ಐರೀನ್ ವಾಗ್ನರ್-ಡೋಬ್ಲರ್ ಮತ್ತು ಜೊತೆಗಾರರು ಇಂಥದ್ದೇ ಕಾರ್ಖಾನೆಯ ಕೊಳಕು ನೀರನ್ನು 700 ಲೀಟರಿನ ರಿಯಾಕ್ಟರಿನಲ್ಲಿ ಹಾಯಿಸಿದರು. ಒಳಗೆ ತೂತು ತೂತಾದ ಕಲ್ಲಿನ ಚೂರು, ಅದರ ಮೇಲೆ ಬ್ಯಾಕ್ಟೀರಿಯಾದ ಪದರ. ಶೇ. 97ರಷ್ಟು ಪಾದರಸ ಹನಿಯಾಗಿ ಚೂರುಗಳ ನಡುವೆಯೇ ಉಳಿಯಿತು. 2000ದಲ್ಲಿ ಇದು ಪ್ರಕಟವಾಯಿತು. ತೊಟ್ಟಿಯಲ್ಲಿ ಕೂತ ಹನಿಯನ್ನು ಬಾಚಬಹುದು. ಕೊಲ್ಲಿಯ ತಳಕ್ಕೆ ಯಾರು ಇಳಿಯುತ್ತಾರೆ?

ಭಾರತದ ಕಾಸ್ಟಿಕ್ ಸೋಡಾ ಉದ್ಯಮ ಈಗ ಪಾದರಸ ಬಿಟ್ಟು ಮೆಂಬ್ರೇನ್ ವಿಧಾನಕ್ಕೆ ಬಂದಿದೆ. 2018ರಲ್ಲಿ ದೇಶ ಮಿನಮಾತಾ ಒಪ್ಪಂದವನ್ನೂ ಅನುಮೋದಿಸಿತು. ಹೊಸದಾಗಿ ಬರುವುದು ನಿಂತಿದೆ ಅನ್ನುವ ಮಟ್ಟಿಗೆ ನನಗೂ ಸಮಾಧಾನ ಇದೆ. ಇದನ್ನೆಲ್ಲ ಅಮ್ಮನಿಗೆ ಹೇಳುವಷ್ಟರಲ್ಲಿ ಒಲೆ ಮೇಲಿನ ಸಾರು ಕುದಿದಿತ್ತು.

"ಅಂದ್ರೆ ನಿನ್ ಕೈಲೂ ಆಗೂದಿಲ್ಲ."

"ಹೊರಗೆ ಬಿಟ್ಟ ಮೇಲೆ ಆಗೂದಿಲ್ಲಮ್ಮ. ಒಳಗಿದ್ದಾಗ ಆಗ್ತಿತ್ತು."

ಮರುದಿನ ಬೆಳಿಗ್ಗೆ ಮೀನಿನವಳು ಬುಟ್ಟಿ ಇಳಿಸಿದಳು. ಬಂಗಡೆ ಇತ್ತು, ಒಂದಿಷ್ಟು ನೀಲಿಕಲ್ಲೂ ಇತ್ತು. ಅಮ್ಮ ಕೇಳುವ ಮೊದಲೇ ಅವಳೇ ಹೇಳಿದಳು, "ಮಾಜಾಳಿದು ಅಕ್ಕಾ, ತಗೊಳ್ಳಿ." ಅಮ್ಮ ನನ್ನ ಮುಖ ನೋಡಿದಳು. ನಾನು ಪಾತ್ರೆ ತರಲು ಒಳಗೆ ಹೋದೆ.