‘ಮಲ್ಲಿಗೆ ಗಿಡ ಎಷ್ಟು?’

ಹೂವಿನಹಡಗಲಿಯ ಗೆಳೆಯನೊಬ್ಬ ಮಲ್ಲಿಗೆ ಸಸಿ ಮಾರಲು ಸಾಲ ಮಾಡಿ ವೆಬ್‌ಸೈಟ್ ಮಾಡಿಸಿದ. ಬರೆದುಕೊಟ್ಟವರು ನಾವೇ. ‘ಜಿಐ ಟ್ಯಾಗ್ ಪಡೆದ ವಿಜಯನಗರ ಜಿಲ್ಲೆಯ ಹಡಗಲಿ ಮಲ್ಲಿಗೆ’ ಅಂತ ಪತ್ರಿಕೆ ಭಾಷೆಯಲ್ಲೇ ಶೀರ್ಷಿಕೆ ಕೊಟ್ಟೆವು. ನಾಲ್ಕು ತಿಂಗಳು ಒಂದೂ ಫೋನ್ ಬರಲಿಲ್ಲ.

ಆಮೇಲೆ ಅವನ ನರ್ಸರಿಯಲ್ಲಿ ಒಂದು ದಿನ ಕೂತು, ಬಂದ ರೈತರು ಕೇಳಿದ್ದನ್ನಷ್ಟೇ ಬರೆದುಕೊಂಡೆವು. ‘ಮಲ್ಲಿಗೆ ಗಿಡ ಎಷ್ಟು?’ ‘ಯಾವಾಗ ಹಚ್ಚಬೇಕು?’ ‘ಮೊಗ್ಗಿಗೆ ಹುಳ ಬಿದ್ದೈತಿ, ಏನ್ ಹೊಡಿಬೇಕು?’ ಜಿಐ ಟ್ಯಾಗ್ ಮಾತು ಒಬ್ಬರೂ ಎತ್ತಲಿಲ್ಲ. ಅದೇ ಮಾತುಗಳನ್ನು ಗೂಗಲ್‌ನಲ್ಲಿ ಅರ್ಧ ಟೈಪ್ ಮಾಡಿ ನೋಡಿ. ಜನ ಹೆಚ್ಚಾಗಿ ಹುಡುಕುವುದು ಕೆಳಗೆ ತಾನೇ ಬರುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಕೂಡ ಪುಕ್ಕಟೆ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು ಅಂತ ತೋರಿಸುತ್ತದೆ. ಇದನ್ನೆಲ್ಲ ನಾವು ಮೊದಲೇ ನೋಡಬೇಕಿತ್ತು.

ಊರಿನ ಹೆಸರಿನ ತಂಟೆ ಬೇರೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಗಿರಾಕಿ ಯಾವ ಜಿಲ್ಲೆ ಹಾಕಿ ಹುಡುಕುತ್ತಾನೋ! ಮೂರೂ ಹೆಸರು ಪುಟದಲ್ಲಿ ಬರೆದೆವು.

ಈಗ ಶೀರ್ಷಿಕೆ: ‘ಮಲ್ಲಿಗೆ ಗಿಡ ಬೇಕಾ? ರೇಟು ಇಲ್ಲಿದೆ.’ ಮೊನ್ನೆ ಕೂಡ್ಲಿಗಿ ಕಡೆಯವರೊಬ್ಬರು ಫೋನ್ ಮಾಡಿ ಇನ್ನೂರು ಗಿಡ ಕೇಳಿದರು. ಸಾಲ ಇನ್ನೂ ಇದೆ.