ಗಾಡಿ ಫ್ರೇಮು ಓವನ್ನಿಗೆ ಹೋಗೋ ಮುಂಚೆ

ನಮ್ಮ ತೋಟದ ಎಟಿವಿ ಗಾಡಿಯನ್ನ ಈ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿದೆವು. ಅಡಿಕೆ ಗೊನೆ, ಗೊಬ್ಬರದ ಚೀಲ, ಔಷಧಿ ಕ್ಯಾನು ಎಲ್ಲ ಹೊತ್ತ ಗಾಡಿ. ಮೈಲುತುತ್ತ ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ನಿಮಗೆ ಗೊತ್ತು. ಸುಣ್ಣ ಕಮ್ಮಿಯಾದ ಬೋರ್ಡೋಗೆ ಚಾಕು ಅದ್ದಿದರೆ ಕೆಂಪಗೆ ತಾಮ್ರ ಹಿಡಿಯುತ್ತಲ್ಲ, ಅಷ್ಟು ಕಬ್ಬಿಣ ಕರಗಿತು ಅಂತ ಲೆಕ್ಕ. ಬ್ರಶ್ಶಲ್ಲಿ ಹೊಡೆದ ಪೇಂಟು ಒಂದು ಮಳೆಗಾಲಕ್ಕೇ ಎದ್ದು ಬರ್ತಿತ್ತು. ಅದಕ್ಕೆ ಪೌಡರ್ ಕೋಟಿಂಗ್ ಮಾಡಿಸೋಣ ಅಂತ ಹೊರಟಿದ್ದು.

ಇದರಲ್ಲಿ ಬಣ್ಣದ ಪುಡಿಗೆ ಕರೆಂಟಿನ ಚಾರ್ಜ್ ಕೊಟ್ಟು ಸಿಂಪಡಿಸ್ತಾರೆ. ಅರ್ಥ್ ಮಾಡಿದ ಫ್ರೇಮಿಗೆ ಅದು ಅಂಟಿಕೊಳ್ಳುತ್ತೆ. ಆಮೇಲೆ ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಬೇಯಿಸ್ತಾರೆ. ಆ ಬಿಸಿ ತಡೆಯದ್ದು ಒಂದೂ ಫ್ರೇಮಲ್ಲಿ ಇರಬಾರದು. ಬೇರಿಂಗು, ಆಯಿಲ್ ಸೀಲು, ರಬ್ಬರ್ ಬುಷ್, ವೈರು, ಹಳೇ ಪುಟ್ಟಿ ಎಲ್ಲ ತೆಗೀಬೇಕು. ಬೆಸುಗೆ ಹಾಕಿದ ಪೆಟ್ರೋಲ್ ಟ್ಯಾಂಕನ್ನಂತೂ ಕೊಡಲೇಬೇಡಿ, ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗೋಕೆ ಶುರುವಾಗುತ್ತೆ.

ಪೈಪಿನ ಒಳಗೂ ನೋಡಿ. ನಮ್ಮದರಲ್ಲಿ ಕಣಜದ ಮಣ್ಣಿನ ಗೂಡು, ಹಳೇ ಗ್ರೀಸು ಎರಡೂ ಸಿಕ್ಕವು. ಗ್ರೀಸು ಓವನ್ನಲ್ಲಿ ಕರಗಿ ಹೊರಗೆ ಬಂದರೆ ಅಲ್ಲಿ ಕೋಟಿಂಗ್ ಗುಳ್ಳೆ ಏಳುತ್ತೆ. ಮೊದಲು ಡೀಸೆಲ್ಲಲ್ಲಿ ಉಜ್ಜಿ, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು ಒಣಗಿಸಿದೆವು.

ಹಿಂಗೆ ಕೆರೆದು ತೊಳೆದಾಗಲೇ ಮುಂದಿನ ಎಡಗಡೆ ಕೆಳಗಿನ ಆರ್ಮು ಕೂರೋ ಬ್ರಾಕೆಟ್ಟಿನ ಹತ್ರ ಕೂದಲೆಳೆಯಷ್ಟು ಗೆರೆ ಕಂಡಿದ್ದು. ಗೀರೋ ಬಿರುಕೋ? ಅದರ ಮೇಲೆ ಡೀಸೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದೆ. ಒಳಗೆ ಇಳಿದಿದ್ದ ಡೀಸೆಲ್ ಮತ್ತೆ ಮೇಲೆ ಬಂದು ಪುಡಿ ಮೇಲೆ ಕಪ್ಪು ಗೆರೆ ಎಳೀತು. ಬಿರುಕೇ.

ಮಗ ಅಂದ, "ಅಪ್ಪಯ್ಯ, ಕೋಟಿಂಗಿಗೆ ದಿನ ಹೇಳಾಗಿದೆ. ಹಂಗೇ ಕಳ್ಸಣ, ಮೇಲೆ ಬಣ್ಣ ಬಂದರೆ ಕಾಣಲ್ಲ."

ಕಾಣಲ್ಲ ಅನ್ನೋದೇ ತೊಂದರೆ ಕಣಪ್ಪ ಅಂದೆ. ಬಣ್ಣ ಬಿರುಕನ್ನ ಮುಚ್ಚುತ್ತೆ, ಗಟ್ಟಿ ಮಾಡಲ್ಲ. ನಮ್ಮ ತೋಟಕ್ಕೆ ಇಳಿಯೋ ದಾರಿ ಹೆಂಗಿದೆ ಅಂತ ಬಂದವರಿಗೆ ಗೊತ್ತು. ಹೇರು ಹಾಕ್ಕೊಂಡು ಇಳಿಯೋವಾಗ ಆ ಬ್ರಾಕೆಟ್ ಕಿತ್ತರೆ ಚಕ್ರ ಮಡಚಿ ಗಾಡಿ ಮಗುಚುತ್ತೆ. ಗಾಡಿ ಓಡಿಸೋನು ಅವನೇ. ದಿನ ಮುಂದೆ ಹಾಕಿಸಿದೆವು. ವೆಲ್ಡರ್ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹೊಡೆದು, ಗೆರೆಯನ್ನ ಆಳಕ್ಕೆ ಉಜ್ಜಿ ವೆಲ್ಡ್ ತುಂಬಿ, ಮೇಲೆ ಒಂದು ಪಟ್ಟಿ ಕೂರಿಸಿದರು. ವೆಲ್ಡಿಂಗ್ ಕಿಟ್ಟ ಪೂರ್ತಿ ಬಡಿದು ತೆಗೆಸಿ, ಅದು ಉಳಿದರೆ ಬಣ್ಣದ ಸಮೇತ ಉದುರುತ್ತೆ.

ಕಳಿಸೋ ಮುಂಚೆ ಬಣ್ಣ ಬೀಳಬಾರದ ಜಾಗಕ್ಕೆಲ್ಲ ಗುರುತು ಹಾಕಿ ಒಂದು ಚೀಟಿ ಬರೆದು ಕೊಡಿ: ಬೋಲ್ಟಿನ ಮರೆ, ಬೇರಿಂಗ್ ಮತ್ತು ಬುಷ್ ಕೂರೋ ಜಾಗ, ಅರ್ಥಿಂಗ್ ವೈರ್ ಕಚ್ಚೋ ಜಾಗ, ಫ್ರೇಮ್ ನಂಬರು. ನಂಬರು ಮುಚ್ಚಿಹೋದರೆ ಮಾರೋವಾಗ ತಲೆನೋವು. ಮಾಮೂಲಿ ಕಾಗದದ ಟೇಪು ಆ ಬಿಸಿಗೆ ನಿಲ್ಲಲ್ಲ, ಬಿಸಿ ತಡೆಯೋ ಟೇಪು, ಸಿಲಿಕಾನ್ ಬಿರಡೆ ಅವರ ಹತ್ರ ಇದೆಯಾ ಕೇಳಿ. ಬಿಸಿಲಲ್ಲಿ ನಿಲ್ಲೋ ಗಾಡಿಗೆ ಮೇಲಿನ ಕೋಟು ಪಾಲಿಯೆಸ್ಟರ್ ಪುಡಿ ಇರಲಿ. ಎಪಾಕ್ಸಿ ಕೆಳಗಿನ ಪ್ರೈಮರಿಗೆ ಒಳ್ಳೇದು, ಬರೀ ಅದನ್ನೇ ಹೊಡೆದರೆ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗುತ್ತೆ. ಬ್ಲಾಸ್ಟಿಂಗ್ ಆದ ದಿನವೇ ಕೋಟಿಂಗ್ ಆಗಲಿ, ನಮ್ಮ ಕಡೆ ತೇವಕ್ಕೆ ಬೆಳಗಾಗೋದರೊಳಗೆ ತುಕ್ಕು ಹಿಡಿಯುತ್ತೆ. ಬರಿಗೈಯಲ್ಲಿ ಮುಟ್ಟೋದೂ ಬೇಡ.

ಫ್ರೇಮು ವಾಪಸ್ ಬಂದಿದೆ, ಜೋಡಣೆ ನಡೀತಿದೆ. ಮಳೆಗಾಲಕ್ಕೆ ಮುಂಚೆ ನಿಮ್ಮ ಟಿಲ್ಲರು, ಟ್ರೈಲರು ಬಿಚ್ಚೋದಿದ್ದರೆ ವೆಲ್ಡ್ ಇರೋ ಕಡೆ ಎಲ್ಲ ಒಂದ್ಸಲ ಸೀಮೆಸುಣ್ಣ ಉದುರಿಸಿ ನೋಡಿ.