ಮೂರು ತಿಂಗಳು ತಡೆಯಿರಿ ಅಂದರು ಡಾಕ್ಟರು

ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ವಿಚಾರ ಮಾಡಿದೆ, ಸೋದರಿಯರೇ. ಹೆಣ್ಣುಮಕ್ಕಳು ನಾಲ್ಕು ಗೋಡೆಯ ನಡುವೆ ಕೂಡ ದನಿ ತಗ್ಗಿಸಿ ಆಡುವ ಮಾತು ಇದು. ಆದರೆ ಈ ಮಾತು ಆಡದೆ ಇದ್ದುದರಿಂದಲೇ ನಮ್ಮ ಮನೆಯಲ್ಲಿ ಒಬ್ಬಳು ಆರು ವರ್ಷ ಕಣ್ಣೀರಿನಲ್ಲಿ ಕೈ ತೊಳೆದಳು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನಮ್ಮೂರು ರೋಣ ತಾಲ್ಲೂಕಿನ ಜಕ್ಕಲಿ. ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರು ಎಂದರೆ ಹಿರಿಯರಿಗೆ ಗುರುತು ಸಿಕ್ಕೀತು. ಎರೆಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ನಾನು ಎಸ್.ಎಸ್.ಎಲ್.ಸಿ. ಪಾಸಾದ ವರ್ಷವೇ ಈ ಮನೆ ತುಂಬಿದವಳು. ವಿಜ್ಞಾನ ಎಂದರೆ ಕಪ್ಪೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದಷ್ಟೇ ನೆನಪು.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮನೆಗೆ ಬಂದು ಆರು ವರ್ಷ. ಮಕ್ಕಳಾಗಲಿಲ್ಲ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ ತೋರಿಸಿದ್ದಾಯಿತು. ರಕ್ತದ ಪರೀಕ್ಷೆ, ಸ್ಕ್ಯಾನಿಂಗು, ನಳಿಕೆಯಲ್ಲಿ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ, ಎಲ್ಲವೂ ಅವಳ ಮೈಮೇಲೆಯೇ ನಡೆದವು. ಎಲ್ಲದರಲ್ಲೂ 'ದೋಷವಿಲ್ಲ' ಎಂದು ಬಂತು. ಹರಕೆ, ಉಪವಾಸ, ಬರಿಗಾಲಲ್ಲಿ ನಡೆದದ್ದು ಲೆಕ್ಕಕ್ಕೇ ಇಲ್ಲ. ಮೈದುನನನ್ನು ಒಮ್ಮೆ ತೋರಿಸೋಣವೆಂದರೆ, "ನನಗೇನಾಗೇತಿ ವೈನಿ? ಜ್ವಾಳದ ಚೀಲ ಹೆಗಲ ಮ್ಯಾಲ ಹೊತ್ಗೊಂಡು ಅಟ್ಟ ಹತ್ತತೀನಿ" ಅನ್ನುತ್ತಿದ್ದ.

ಹೋದ ಶ್ರಾವಣದಲ್ಲಿ ಓಣಿಯ ಒಂದು ಮನೆಯಲ್ಲಿ ಕುಬುಸ ಇತ್ತು. ಇಬ್ಬರೂ ಹೋಗಿದ್ದೆವು. ಸಾಲಾಗಿ ಎದ್ದು ಉಡಿ ತುಂಬುತ್ತಿದ್ದರು. ಇವಳ ಸರದಿ ಬಂದಾಗ ಹಿರಿಯಳೊಬ್ಬಳು, "ನೀ ಕುಂದ್ರವಾ, ಹಿಂದಿನಾಕಿ ತುಂಬ್ತಾಳ" ಎಂದಳು. ಮೆತ್ತಗೇ ಎಂದಳು, ಬೈದು ಏನಲ್ಲ. ಇವಳು ಬೊಗಸೆಯಲ್ಲಿ ಹಿಡಿದಿದ್ದ ಅಕ್ಕಿಯನ್ನು ತಿರುಗಿ ತಾಟಿಗೆ ಸುರಿದು ಬಂದು ನನ್ನ ಪಕ್ಕ ಕೂತಳು. ಒಂದು ಕಾಳೂ ಹೊರಗೆ ಬೀಳದ ಹಾಗೆ ಸುರಿದಳು. ಅದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಅದೇ ವಾರ ಅತ್ತೆಯವರು ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದರು. ಕಾನೂನು ಒಪ್ಪುವುದಿಲ್ಲ ಎಂದು ನಮ್ಮ ಯಜಮಾನರು ಹೇಳಿದರೆ, "ಕಾನೂನು ಬಂದು ತೊಟ್ಟಿಲಾ ತೂಗತೈತೇನು?" ಎಂದು ಕೇಳಿದರು. ಅತ್ತೆ ಕೆಟ್ಟವರೇನಲ್ಲ. ನನ್ನ ಎರಡೂ ಬಾಣಂತನ ಮಾಡಿದವರು ಅವರೇ.

ದೀಪಾವಳಿ ಕಳೆದ ವಾರ ಒಂದು ನಸುಕಿನಲ್ಲಿ ನಮ್ಮ ಎಮ್ಮೆ ಬೆದೆಗೆ ಬಂತು. ಜವಾರಿ ಎಮ್ಮೆ. ನಾವು ಜವಾರಿ ಎಂದು ಹಗುರಾಗಿ ಅನ್ನುತ್ತಿದ್ದ ಈ ಎಮ್ಮೆಗೆ ಈಗ 'ಧಾರವಾಡಿ' ತಳಿ ಎಂದು ದೇಶದ ಪಟ್ಟಿಯಲ್ಲಿ ಹೆಸರು ಬಂದಿದೆ. ಧಾರವಾಡ ಪೇಡೆಯ ಹಿಂದೆ ಇರುವುದು ಇವುಗಳ ಹಾಲೇ. ಎಮ್ಮೆಗಳ ಬೆದೆ ಆಕಳಿನ ಹಾಗೆ ಎದ್ದು ಕಾಣುವುದಿಲ್ಲ. ಮೇವು ಬಿಡುವುದು, ಹಾಲು ಇಳಿಯುವುದು, ಲೋಳೆ ಸುರಿಯುವುದು ಇಷ್ಟೇ ಗುರುತು. ತಪ್ಪಿದರೆ ಮೂರು ವಾರ ಕಾಯಬೇಕು. ನಾನು ಗಡಿಬಿಡಿಯಲ್ಲಿ ದನದ ಡಾಕ್ಟರಿಗೆ ಫೋನು ಮಾಡಿದರೆ ಅವರು, "ಈಗ ಬ್ಯಾಡ್ರಿ ಅಕ್ಕಾರ, ಸಂಜೀಕ ಬರ್ತೀನಿ" ಎಂದರು.

ಸಂಜೆ ಬಂದರು. ಹೊಗೆಯಾಡುವ ಕ್ಯಾನಿನಿಂದ ಕಸಬರಿಗೆಯ ಕಡ್ಡಿಯಷ್ಟು ಸಣ್ಣ ನಳಿಕೆಯೊಂದನ್ನು ಎತ್ತಿ ಉಗುರುಬೆಚ್ಚಗಿನ ನೀರಿಗೆ ಹಾಕಿದರು. ಕ್ಯಾನಿನ ಒಳಗೆ ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಥಂಡಿ. ಇಂಥ ಕಡ್ಡಿ ತಯಾರಿಸುವ ಕೇಂದ್ರ ಸರಕಾರದ ಸಂಸ್ಥೆ ನಮ್ಮ ಹೆಸರಘಟ್ಟದಲ್ಲೇ ಇದೆಯಂತೆ. ಅಷ್ಟೇ ಅಲ್ಲ, ಭಾರತದಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮೊದಲು ಮಾಡಿದ್ದೂ ಕನ್ನಡ ನಾಡಿನಲ್ಲೇ. 1939ರಲ್ಲಿ, ಮೈಸೂರು ಅರಮನೆಯ ಹೈನು ಕೇಂದ್ರದಲ್ಲಿ, ಸಂಪತ್‌ಕುಮಾರನ್ ಎಂಬವರು.

"ಮುಂಜಾನೆನ ಮಾಡಿದ್ರ ಏನಾಗ್ತಿತ್ತು?" ಎಂದು ನಾನು ಕೇಳಿದೆ.

"ಗರ್ಭದಾಗ ತತ್ತಿ ಬಿಡೂದು ಬೆದಿ ಮುಗದ ಹತ್ತು ಹನ್ನೆರಡು ತಾಸಿನ ಮ್ಯಾಲ್ರಿ. ಈ ಕಡ್ಡ್ಯಾಗಿನ ವೀರ್ಯಾಣು ಬಾಳ ತಾಸು ಬದುಕೂದಿಲ್ಲ. ಹಂಗಂತ ತತ್ತಿ ಬಂದ ಮ್ಯಾಲ ಹಾಕಿದ್ರೂ ಉಪಯೋಗಿಲ್ಲ. ಒಳಗ ಹೋದ ಕೂಡಲೆ ಅವು ತತ್ತಿಯೊಳಗ ಹೊಗೂದಿಲ್ಲ. ನಾಕಾರು ತಾಸು ಅಲ್ಲೇ ಇದ್ದು ತಯಾರಾಗಬೇಕು."

ತಯಾರಾಗುವುದು ಎಂದರೇನು ಎಂದು ಕೇಳುವಷ್ಟರಲ್ಲಿ ನೆಗೆಣ್ಣಿ ಇನ್ನೊಂದು ಕೇಳಿದಳು. "ಈ ಸಲ ಗಬ್ಬ ನಿಲ್ಲಲಿಲ್ಲಂದ್ರ ಎಮ್ಮೀನ ಮಾರಿಬಿಡಬೇಕನ್ರಿ ಸರ?"

ಅವರು ನಕ್ಕರು. "ಯಾಕ ಮಾರ್ತೀರಿ? ನಿಲ್ಲಲಿಲ್ಲಂದ್ರ ನಾವು ಕಡ್ಡಿ ಚಲೋ ಇತ್ತೋ ಇಲ್ಲೋ ಅಂತ ಮೊದಲ ನೋಡ್ತೀವಿ. ಕೋಣದ್ದನ್ನ ಪ್ರತಿ ಸಲ ಸೂಕ್ಷ್ಮದರ್ಶಕದಾಗ ನೋಡೇ ಕಡ್ಡೀಗೆ ತುಂಬತಾರ್ರಿ."

ಎಮ್ಮೆಯ ಹಗ್ಗ ಹಿಡಿದು ನಿಂತವನು ನನ್ನ ಮೈದುನ. ನೆಗೆಣ್ಣಿ ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಅವನು ಹಗ್ಗ ನೋಡಿದ.

ಧಾರವಾಡದಲ್ಲಿ ಬಿ.ಎಸ್ಸಿ. ಓದುವ ನನ್ನ ಮಗಳು ಆಗ ರಜೆಗೆ ಬಂದಿದ್ದಳು. ರಾತ್ರಿ ಅಡಿಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತ, ನೆಗೆಣ್ಣಿ ಬೇಯಿಸುತ್ತ, ಅವಳು ಹೇಳುತ್ತ ಹೋದಳು. ತಾಯಿಗೆ ಮಗಳು ಇಂಥದ್ದನ್ನು ಹೇಳುವ ಕಾಲ ಬಂತಲ್ಲ ಎಂದು ಮೊದಲು ನಾಚಿಕೆಯಾಯಿತು, ಆಮೇಲೆ ರೊಟ್ಟಿ ಹೊತ್ತಿದರೂ ಗೊತ್ತಾಗದಷ್ಟು ಕಿವಿ ಕೊಟ್ಟೆವು.

ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 64ರಿಂದ 74 ದಿನ ಬೇಕು. ಅಷ್ಟಾದರೂ ಅದಕ್ಕೆ ಈಜಲು ಬರುವುದಿಲ್ಲ. ಬಾಲ ಇದ್ದರೂ ನೆಟ್ಟಗೆ ಮುಂದೆ ಹೋಗಲಾರದು. ವೃಷಣಕ್ಕೆ ಅಂಟಿಕೊಂಡು ಎಪಿಡಿಡಿಮಿಸ್ ಎಂಬ ನಾಳ ಸುರುಳಿ ಸುತ್ತಿಕೊಂಡಿದೆ. ನೋಡಲು ಬೆರಳಿನ ಉದ್ದವೂ ಇಲ್ಲ, ಬಿಚ್ಚಿದರೆ ಸುಮಾರು 6 ಮೀಟರು. ನಾವುಡುವ ಸೀರೆಗಿಂತ ಉದ್ದ! ಅದರೊಳಗೆ ಇವು ಹಲವು ದಿನ ಸಾಗಿ ಬರುತ್ತವೆ. ಆ ದಾರಿಯಲ್ಲಿಯೇ ಬಲಿಯುತ್ತವೆ, ಈಜುವ ಶಕ್ತಿ ಪಡೆಯುತ್ತವೆ, ತುದಿಗೆ ಬಂದು ಕಾಯುತ್ತವೆ. ಒಟ್ಟು ಲೆಕ್ಕ ಹಾಕಿದರೆ ಮೂರು ತಿಂಗಳಿಗೆ ಹತ್ತಿರ.

"ಇಲ್ಲಿಗೆ ಮುಗೀತಲ್ಲ?" ಎಂದಳು ನೆಗೆಣ್ಣಿ.

ಮುಗಿದಿಲ್ಲ. ಇಷ್ಟು ಬಲಿತದ್ದೂ ಹೆಣ್ಣಿನ ದೇಹದೊಳಗೆ ಕೆಲವು ತಾಸು ಇರದೆ ಅಂಡಾಣುವನ್ನು ಸೇರಲಾರದು. ದನದ ಡಾಕ್ಟರು ಹೇಳಿದ 'ತಯಾರಿ' ಇದೇ. ಇದನ್ನು 1951ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿದ್ದ ಎಂ.ಸಿ. ಚಾಂಗ್ ಮೊಲಗಳಲ್ಲಿ, ಆಸ್ಟ್ರೇಲಿಯದ ಸಿ.ಆರ್. ಆಸ್ಟಿನ್ ಇಲಿಗಳಲ್ಲಿ. ಮರುವರ್ಷ ಆಸ್ಟಿನ್ ಇದಕ್ಕೆ 'ಕೆಪ್ಯಾಸಿಟೇಶನ್' ಎಂದು ಹೆಸರಿಟ್ಟರು, ಸಾಮರ್ಥ್ಯ ಪಡೆಯುವುದು ಎಂದು ಅರ್ಥ. ಗರ್ಭದ ದಾರಿಯ ರಸದಲ್ಲಿ ವೀರ್ಯಾಣುವಿನ ಮೈಮೇಲಿನ ಪೊರೆಯಿಂದ ಕೊಲೆಸ್ಟ್ರಾಲು ಕಳಚುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅಲ್ಲಿಯ ತನಕ ಸಮನಾಗಿ ಆಡುತ್ತಿದ್ದ ಬಾಲ ಚಾಟಿ ಬೀಸಿದ ಹಾಗೆ ಆಡತೊಡಗುತ್ತದೆ. ತಲೆಯ ಮೇಲಿನ ಟೊಪ್ಪಿಗೆಯಂಥ ಚೀಲ ಒಡೆಯಲು ಸಿದ್ಧವಾಗುತ್ತದೆ, ಅಂಡಾಣುವಿನ ಹೊರಕವಚ ದಾಟಲು ಅದು ಬೇಕು. ಒಮ್ಮೆ ತಯಾರಾದದ್ದು ಬಹಳ ಹೊತ್ತು ಹಾಗೇ ಉಳಿಯುವುದಿಲ್ಲ. ಅದಕ್ಕೇ ಎಲ್ಲವೂ ಒಟ್ಟಿಗೆ ತಯಾರಾಗದೆ ಗುಂಪು ಗುಂಪಾಗಿ ಆಗುತ್ತವಂತೆ. ಹೊರಡುವುದು ಕೋಟಿಗಟ್ಟಲೆ, ಅಂಡಾಣುವಿನ ಹತ್ತಿರ ಮುಟ್ಟುವುದು ಕೆಲವು ನೂರು.

ಈ ಗುಟ್ಟು ತಿಳಿಯುವ ತನಕ ದೇಹದ ಹೊರಗೆ, ಗಾಜಿನ ತಟ್ಟೆಯಲ್ಲಿ ಗರ್ಭ ಕಟ್ಟಿಸುವ ಪ್ರಯತ್ನ ಕೈಗೂಡುತ್ತಲೇ ಇರಲಿಲ್ಲ. ತಿಳಿದ ಮೇಲೆ 1959ರಲ್ಲಿ ಚಾಂಗ್ ಮೊಲದ ಮರಿ ಹುಟ್ಟಿಸಿದರು. 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಲೂಯಿ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಕೈಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಬದುಕಿರುವ ತನಕ ಅವರನ್ನು ನಂಬಿದವರು ಕಡಿಮೆ. 1981ರಲ್ಲಿ ಅವರು ಜೀವ ಕಳೆದುಕೊಂಡರು.

ಪಡಸಾಲೆಯಲ್ಲಿ ಅತ್ತೆಯವರು ಎಲೆ ಅಡಿಕೆ ಹಾಕುತ್ತ ಕೇಳುತ್ತಿದ್ದುದು ನಮಗೆ ಗೊತ್ತಿರಲಿಲ್ಲ. ವೀರ್ಯಾಣುವಿನ ಮೇಲೆ ಇರುವ, ಅಂಡಾಣುವನ್ನು ಹಿಡಿದುಕೊಳ್ಳುವ ಒಂದು ಪ್ರೊಟೀನಿಗೆ ಜಪಾನಿನವರು 2005ರಲ್ಲಿ 'ಇಝುಮೊ' ಎಂದು ಹೆಸರಿಟ್ಟರು, ಅದು ಅವರಲ್ಲಿ ಮದುವೆಗಾಗಿ ಬೇಡಿಕೊಳ್ಳುವ ಗುಡಿಯ ಹೆಸರು ಎಂದು ಮಗಳು ಹೇಳಿದಾಗ ಅಲ್ಲಿಂದಲೇ ದನಿ ಬಂತು. "ಜಪಾನದಾಗೂ ಹರಕಿ ಹೊರತಾರನು?" ಎಲ್ಲರೂ ನಕ್ಕೆವು. ನೆಗೆಣ್ಣಿಯೂ ನಕ್ಕಳು. ಅಂಡಾಣುವಿನ ಕಡೆ ಅದನ್ನು ಹಿಡಿಯುವ ಪ್ರೊಟೀನು 2014ರಲ್ಲಿ ಸಿಕ್ಕಿತು. ಅದಕ್ಕೆ 'ಜೂನೊ' ಎಂದು ಹೆಸರು. ರೋಮಿನವರ ಮದುವೆ ದೇವತೆ.

ನಗೆಯ ಬೆನ್ನಿಗೇ ನಾನು ಧೈರ್ಯ ಮಾಡಿದೆ. "ಅತ್ತಿ, ಆಗ ಒಕ್ಕಿದ ಸೂರ್ಯಕಾಂತಿ ಬೀಜ ಅವತ್ತ ಬಿತ್ತಿದ್ರ ಹುಟ್ಟತೈತೇನ್ರಿ?"

"ಎಲ್ಲಿ ಹುಟ್ಟತೈತಿ? ಒಂದೂವರಿ ತಿಂಗಳರ ಇಡಬೇಕು."

"ಹುಟ್ಟಲಿಲ್ಲಂದ್ರ ಹೊಲಕ್ಕ ಬೈತೀರೇನು?"

ಅತ್ತೆ ಉತ್ತರ ಕೊಡಲಿಲ್ಲ. ಎಲೆಯ ತೊಟ್ಟು ಮುರಿಯುತ್ತ ಕೂತರು. ಬಹಳ ಹೊತ್ತಿನ ಮೇಲೆ, "ಅವಂಗೂ ಒಮ್ಮೆ ತೋರಸ್ರಿ" ಎಂದರು. ತಾಯಿಯ ಮಾತಿಗೆ ಮೈದುನ ಎದುರಾಡಲಿಲ್ಲ.

ಪರೀಕ್ಷೆಯ ಕಾಗದ ಬಂದ ದಿನ ಅವನು ಊಟ ಮಾಡಲಿಲ್ಲ. ಸಂಖ್ಯೆ ಬಹಳ ಕಡಿಮೆ, ಈಜುವುದಂತೂ ಇನ್ನೂ ಕಡಿಮೆ. ಆದರೆ ಡಾಕ್ಟರು ಮೊದಲು ಕೇಳಿದ್ದು, ಈಚೆಗೆ ದೊಡ್ಡ ಜ್ವರ ಬಂದಿತ್ತೇ ಎಂದು. ಬಂದಿತ್ತು. ದಸರೆಯ ಹೊತ್ತಿಗೆ ಟೈಫಾಯ್ಡಿನಲ್ಲಿ ಹತ್ತು ದಿನ ಮಲಗಿದ್ದ. ವೃಷಣ ದೇಹದ ಹೊರಗೆ ಇರುವುದೇ ಅದಕ್ಕೆ ಎರಡು ಮೂರು ಡಿಗ್ರಿ ತಂಪು ಬೇಕೆಂದು. ಮೈ ಸುಡುವ ಜ್ವರ ಬಂದರೆ ಆಗ ರೂಪುಗೊಳ್ಳುತ್ತಿದ್ದ ಬೆಳೆ ಕೆಡುತ್ತದೆ. "ಇವತ್ತು ಎಣಿಸಿದ್ದು ಇವತ್ತಿನವಲ್ಲ, ಎರಡು ಮೂರು ತಿಂಗಳ ಹಿಂದೆ ಸುರುವಾದವು. ಮೂರು ತಿಂಗಳು ತಡೆಯಿರಿ, ಗುಟಖಾ ಬಿಡಿ, ಮತ್ತೆ ನೋಡೋಣ" ಎಂದರು. ಇನ್ನೊಂದನ್ನೂ ಬಿಡಿಸಿ ಹೇಳಿದರು. ಈ ಪರೀಕ್ಷೆ ಸಂಖ್ಯೆ, ಚಲನೆ, ಆಕಾರ ಇಷ್ಟನ್ನೇ ತೋರಿಸುತ್ತದೆ. ಹೆಣ್ಣಿನ ದೇಹದೊಳಗೆ ಆಗುವ ಆ ಕೊನೆಯ ತಯಾರಿ ಈ ಕಾಗದದಲ್ಲಿ ಕಾಣುವುದಿಲ್ಲ. ಆದ್ದರಿಂದ ಚೆನ್ನಾಗಿ ಬಂತೆಂದು ಗಂಡಸು ಬೀಗುವಂತೆಯೂ ಇಲ್ಲ, ಕೆಟ್ಟು ಬಂತೆಂದು ಕುಗ್ಗುವಂತೆಯೂ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದಂತೆ.

ದಿನಗಳ ಲೆಕ್ಕವನ್ನೂ ಹೇಳಿದರು, ನಿಮಗೂ ಉಪಯೋಗವಾದೀತು. ಅಂಡಾಣು ಹೊರಬಿದ್ದ ಮೇಲೆ ಬದುಕುವುದು ಒಂದು ದಿನದೊಳಗೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು. ಆದ್ದರಿಂದ ಕೂಡುವುದು ಅಂಡಾಣು ಬರುವ ಮುಂಚಿನ ದಿನಗಳಲ್ಲಿದ್ದರೇ ಹೆಚ್ಚು ಫಲ. ನಮ್ಮ ನೆಗೆಣ್ಣಿ ಹರಕೆಯ ವಾರ, ಉಪವಾಸದ ವಾರ ಎಂದು ಆ ದಿನಗಳನ್ನೇ ಎಷ್ಟು ಸಲ ಕಳೆದಳೋ.

ಆ ಮೂರು ತಿಂಗಳು ಮನೆಯಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಮೈದುನ ಗುಟಖಾ ಬಿಟ್ಟ. ಎರಡು ಸಲ ಕದ್ದು ತಿಂದದ್ದು ನನಗೆ ಗೊತ್ತು, ಹೇಳಲಿಲ್ಲ. ಶಿವರಾತ್ರಿ ಆದ ವಾರ ಮತ್ತೆ ಪರೀಕ್ಷೆ ಆಯಿತು. ಸಂಖ್ಯೆ ಏರಿದೆ. ಚಲನೆ ಇನ್ನೂ ಸಾಲದು. ಈ ಸಲ ಡಾಕ್ಟರು ಕೈಯಿಂದ ಪರೀಕ್ಷಿಸಿ ನೋಡಿದಾಗ ವೃಷಣದ ಸುತ್ತಲಿನ ರಕ್ತನಾಳ ಉಬ್ಬಿರುವುದು ತಿಳಿಯಿತು. ಅಲ್ಲಿ ರಕ್ತ ನಿಂತು ಬಿಸಿ ಹೆಚ್ಚುತ್ತದೆ. ಆರು ವರ್ಷದಿಂದ ಇದ್ದದ್ದು ಅದೇ ಇದ್ದೀತು. ಸಣ್ಣ ಆಪರೇಶನ್ನಿನಿಂದ ಹಲವರಿಗೆ ಸುಧಾರಿಸುತ್ತದೆ, ಎಲ್ಲರಿಗೂ ಅಲ್ಲ. ಮಾಡಿಸಿದರೂ ಫಲ ಕಾಣಲು ಮತ್ತೆ ಮೂರು ತಿಂಗಳು.

ಎಮ್ಮೆ ಈಗ ನಾಲ್ಕು ತಿಂಗಳ ಗಬ್ಬ. ಹೆಣ್ಣು ನೋಡುವ ಮಾತನ್ನು ಅತ್ತೆ ಆಮೇಲೆ ಎತ್ತಿಲ್ಲ. ಕುಬುಸದ ಮನೆಯಲ್ಲಿ ಮೊನ್ನೆ ತೊಟ್ಟಿಲ ಇತ್ತು. ಅತ್ತೆ ತಾವೇ ಹೋಗಿ ಬಂದರು, ಇವಳನ್ನು ಕರೆದುಕೊಂಡೇ ಹೋಗಿದ್ದರು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾಡಿದ್ದು ಗುರುವಾರ ಇಬ್ಬರೂ ಹುಬ್ಬಳ್ಳಿಗೆ ಹೋಗುತ್ತಾರೆ, ಆಪರೇಶನ್ನಿನ ದಿನ ಗೊತ್ತು ಮಾಡಲು. ನಸುಕಿನ ಬಸ್ಸು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಸಾಕೆಂದಿದ್ದೆ. ಅತ್ತೆ ಕಡಲೆಬೇಳೆ ನೆನೆಹಾಕಲು ಹೇಳಿದ್ದಾರೆ, ಹೋಳಿಗೆಗೆ.